ಆಣೆಗೆ ಕಟ್ಟಿಹಾಕಿದ ಗಾಡಿ

ತಫೀಲಾ,
ಸೋಮವಾರ, ೧೧ ನವೆಂಬರ್ ೨೦೧೯

ನಮ್ಮ ಕುಸಯ್‌ನ ಅಪ್ಪನಿಗೆ, ಇಂತಿಸಾರ್ ಮಾಡುವ ಸಲಾಮು.

ಹೇಗಿದ್ದೀರಿ? ಕಾಲಿನ ಬಾವು ಇಳಿಯಿತೇ? ಆ ಗೋದಾಮಿನ ಮಂಜುಗಡ್ಡೆ ಚಳಿಯಿಂದ ಜಿದ್ದಾ ಊರಿನ ಬಿಸಿಲಿಗೆ ದಿನಕ್ಕೆ ಹತ್ತು ಸಲ ಓಡಾಡಿದರೆ ಯಾರ ಎದೆ ತಡೆದೀತು ಹೇಳಿ. ನಾನು ಕಳಿಸಿದ ಉಣ್ಣೆ ಬನಿಯನನ್ನು ಪೆಟ್ಟಿಗೆಯಲ್ಲೇ ಇಟ್ಟಿರುತ್ತೀರಿ, ನನಗೆ ಗೊತ್ತು. ಹಾಕಿಕೊಳ್ಳಿ. ಮಕ್ಕಳು ಚೆನ್ನಾಗಿದ್ದಾರೆ. ನಾಳೆ ಬೆಳಿಗ್ಗೆ ಅಬೂ ಮಶ್‌ಹೂರ್ ವ್ಯಾನಿನಲ್ಲಿ ಅತ್ತ ಬರುತ್ತಾನಂತೆ, ಅವನ ಕೈಲಿ ಒಂದು ಡಬ್ಬ ಆಲಿವ್ ಉಪ್ಪಿನಕಾಯಿ ಮತ್ತು ಈ ಕಾಗದ ಕಳಿಸುತ್ತಿದ್ದೇನೆ. ಮನೆಯಲ್ಲಿ ಫೋನಿರುವಾಗ ಇವಳಿಗೆ ಕಾಗದದ ಹುಚ್ಚು ಯಾಕೆ ಅನ್ನಬೇಡಿ. ಗಾಡಿ ಅನ್ನುವ ಮಾತು ನನ್ನ ಬಾಯಿಂದ ಪೂರ್ತಿ ಹೊರಬರುವ ಮೊದಲೇ ನೀವು ಫೋನ್ ಇಟ್ಟುಬಿಡುತ್ತೀರಿ. ಕಾಗದವನ್ನಾದರೂ ಕೊನೆವರೆಗೆ ಓದುತ್ತೀರಿ ಅಂತ ಆಸೆ.

ನಿಮ್ಮ ಅಮ್ಮ ಹಜ್ಜಾ ಫಿದ್ದಾ ಹೇಗಿದ್ದಾರೆ ಅಂದರೆ, ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಶುದ್ಧಿಯಾದ ದಿನ ಚೆನ್ನಾಗಿರುತ್ತಾರೆ, ನನ್ನ ಅಡುಗೆಗೆ ಹೆಸರಿಡುತ್ತಾರೆ, ಅದು ಕೇಳಿದರೆ ನನಗೆ ಸಮಾಧಾನ. ಒಂದು ದಿನ ತಪ್ಪಿದರೆ ಮುಖ ಊದಿಕೊಂಡು ಉಸಿರಿಗೆ ಒದ್ದಾಡುತ್ತಾರೆ. ಭಾನುವಾರ, ಮಂಗಳವಾರ, ಗುರುವಾರ, ವಾರಕ್ಕೆ ಮೂರು ಸಲ ಹಸಾ ಕಣಿವೆ ಇಳಿದು ಹತ್ತಿ ಕರಕ್‌ನ ಆಸ್ಪತ್ರೆಗೆ ಏಳು ಗಂಟೆಯೊಳಗೆ ಮುಟ್ಟಬೇಕು. ತಡವಾದರೆ ಯಂತ್ರ ಬೇರೆಯವರ ಪಾಲು. ಈ ಎರಡು ತಿಂಗಳಲ್ಲಿ, ನಿನ್ನೆಯದೂ ಸೇರಿ, ಐದು ಸಲ ಮುಟ್ಟಲಿಲ್ಲ. ಐದು ಸಲವೂ ಕಾರಣ ಒಂದೇ, ನಿಮ್ಮ ಆ ಕಪ್ಪು ಚೆಲುವೆ.

ಅದು ಬಂದ ದಿನ ನೆನಪಿದೆಯಲ್ಲ? ಊರೆಲ್ಲ ಬಾಗಿಲಿಗೆ ಬಂದು ನೋಡಿತು. ಜೀಪಿನ ಎತ್ತರ, ಅರಮನೆಯ ಒಳಗು, ಕೆನೆಬಣ್ಣದ ಚರ್ಮದ ಸೀಟು. ಹತ್ತು ವರ್ಷ ಯಾರೋ ಸಾಹುಕಾರ ಓಡಿಸಿ ಕೈತೊಳೆದುಕೊಂಡದ್ದು ಅಂತ ಯಾರೂ ಯೋಚಿಸಲಿಲ್ಲ. ಇವತ್ತಿಗೂ ನಿಂತಿದ್ದರೆ ಚೆಂದ ಕಾಣುತ್ತದೆ, ನಿಂತಿದ್ದರೆ ಮಾತ್ರ. ಅದರ ಚಕ್ರದ ಮೇಲೆ ಎಲ್ಲರ ಗಾಡಿಯಂತೆ ಸ್ಪ್ರಿಂಗ್ ಇಲ್ಲವಂತೆ, ಗಾಳಿ ಚೀಲವಂತೆ. ಬೆಳಿಗ್ಗೆ ಎದ್ದು ನೋಡಿದರೆ ಚೀಲ ಸೋರಿ ಮುಂದಿನ ಎರಡು ಚಕ್ರದ ಮೇಲೆ ಕೂತಿರುತ್ತದೆ. 'ಒಂಟೆ ಮಂಡಿಯೂರಿದೆ ಕಣೇ, ಎಬ್ಬಿಸು' ಅಂತ ಅಮ್ಮ ನಗುತ್ತಾರೆ. ಆ ಚೀಲಕ್ಕೆ ನನ್ನ ಮದುವೆಯ ನಾಲ್ಕು ಬಳೆ ಹೋದವು. ಬಲಗಡೆಯದು ಹಾಕಿಸಿದ ತಿಂಗಳಿಗೆ ಎಡಗಡೆಯದು ಹೋಯಿತು. ಆಮೇಲೆ ಎಂಜಿನ್ ಕಾಯುವುದು ಶುರುವಾಯಿತು. ಎಂಜಿನ್ನಿನ ಹೊಟ್ಟೆಯೊಳಗೆ ಒಂದು ಪ್ಲಾಸ್ಟಿಕ್ ನೀರಿನ ಕೊಳವೆಯಂತೆ, ಬೆರಳುದ್ದ. ಅದು ಬಿರುಕು ಬಿಟ್ಟಿದೆ. ಕೊಳವೆಗೆ ಹನ್ನೆರಡು ದೀನಾರ್, ಅದನ್ನು ಮುಟ್ಟಲು ಅರ್ಧ ಎಂಜಿನ್ ಬಿಚ್ಚುವುದಕ್ಕೆ ಇನ್ನೂರೈವತ್ತು! ಗೇರ್‌ಬಾಕ್ಸಿನ ಎಣ್ಣೆಯನ್ನು ಹಳೆ ಮಾಲೀಕ ಒಮ್ಮೆಯೂ ಬದಲಾಯಿಸಿಲ್ಲವಂತೆ, ಅದಕ್ಕೇ ಏರಿನಲ್ಲಿ ಅದು ಜಗ್ಗುತ್ತದೆ, ಒದೆಯುತ್ತದೆ, ಅಮ್ಮನ ತಲೆ ಕಿಟಕಿಗೆ ಬಡಿಯುತ್ತದೆ. ಪೆಟ್ರೋಲಿನಲ್ಲಿ ದುಬಾರಿಯದೇ ಆಗಬೇಕು ಮಹಾರಾಣಿಗೆ, ಟೈರು ಒಂದಕ್ಕೆ ನಮ್ಮ ತಿಂಗಳ ರೇಷನ್ನು. ಕರಕ್‌ನ ಮೆಕ್ಯಾನಿಕ್ ಜಿರ್ಯೆಸ್ ಒಳ್ಳೆಯ ಮನುಷ್ಯ, ಮೊನ್ನೆ ಬಾನೆಟ್ ಮುಚ್ಚಿ ನನ್ನ ಮುಖ ನೋಡದೆಯೇ ಹೇಳಿದ, 'ಅಕ್ಕಾ, ದುಡ್ಡು ತಗೊಳ್ಳೋಕೆ ನಂಗೇ ನಾಚಿಕೆ ಆಗ್ತಿದೆ. ಹೊಸದಾಗಿ ಕೊಳ್ಳೋರಿಗೆ ಮಾಡಿದ ಗಾಡಿ ಇದು, ಹಳೇದು ಮಾಡಿ ಸಾಕೋರಿಗಲ್ಲ. ಮಾರಿಬಿಡಿ.'

ಮಾರಿಬಿಡಿ ಅಂತೆ. ಅವನಿಗೇನು ಗೊತ್ತು? ನೀವು ಈದ್ ರಜೆಗೆ ಬಂದಾಗ ನಮ್ಮ ಹಜಾರದಲ್ಲಿ ನಲವತ್ತು ಗಂಡಸರು ಕಾಫಿ ಕುಡಿಯುತ್ತಿದ್ದಾಗ ನಿಮ್ಮ ಚಿಕ್ಕಪ್ಪನ ಮಗ ದೈಫುಲ್ಲಾ ಕೆಣಕಿದ, 'ನವ್ವಾಫ್, ಸಾಕೋಕಾಗಲ್ಲ ಅಂದ್ರೆ ನಾಚ್ಕೋಬೇಡ ಕಣೋ, ಅರ್ಧ ಬೆಲೆಗೆ ನಾನು ತಗೋತೀನಿ.' ಎಲ್ಲರೂ ನಕ್ಕರು. ನೀವು ಬಟ್ಟಲು ಕುಕ್ಕಿ, 'ಆ ಗಾಡಿ ಮಾರಾಟವಾಗಿ ಈ ಅಂಗಳ ದಾಟಿದ್ರೆ ನನ್ನ ಹೆಂಡ್ತಿಗೆ ಮೂರು ತಲಾಖ್!' ಅಂದಿರಿ. ನಾನು ಗೋಡೆಯಾಚೆ ನಿಮ್ಮ ಅತಿಥಿಗಳಿಗೆ ಅನ್ನ ಬಸಿಯುತ್ತಿದ್ದೆ. ಗಂಜಿ ಕೈಮೇಲೆ ಬಿತ್ತು, ಕಲೆ ಇನ್ನೂ ಇದೆ. ನಮ್ಮ ಗಂಡಸರಿಗೆ ಇದೊಂದು ಚಟವಾಗಿಬಿಟ್ಟಿದೆ. ನೆಂಟ ಇನ್ನೊಂದು ತುತ್ತು ತಿನ್ನಲಿ ಅಂತ ತಲಾಖಿನ ಆಣೆ, ಕೊಟ್ಟ ದುಡ್ಡು ಜೇಬಿಗೆ ವಾಪಸ್ ಹಾಕಿಕೊಳ್ಳಲಿ ಅಂತ ತಲಾಖ್. ನಾಲಿಗೆ ನಿಮ್ಮದು, ಹೋಗುವುದು ನಮ್ಮ ಬಾಳು! ಹದಿನಾರು ವರ್ಷದಿಂದ ನಿಮ್ಮ ಅಮ್ಮನ ಕೂದಲು ಬಾಚುತ್ತಿರುವವಳು ನಾನು, ಒಂದು ಗಾಡಿಯ ಬಾಲಕ್ಕೆ ನನ್ನನ್ನು ಕಟ್ಟಿ ವಿಮಾನ ಹತ್ತಿದಿರಲ್ಲ.

ಮಸೀದಿಯ ಶೇಖ್ ಹತ್ತಿರ ಹೋಗಿದ್ದೆ. ಅವರು ಗಡ್ಡ ನೀವುತ್ತಾ ಹೇಳಿದರು, 'ಸುಮ್ನೆ ಬೆದರಿಕೆಗೆ ಅಂದಿದ್ರೆ ಹತ್ತು ಜನ ಬಡವರಿಗೆ ಊಟ ಹಾಕಿದ್ರೆ ಆಯ್ತು. ನಿಜವಾಗ್ಲೂ ಬಿಡೋ ಮನಸ್ಸಿಂದ ಅಂದಿದ್ರೆ ಬೇರೆ ಮಾತು. ಅವನ ಮನಸ್ಸಲ್ಲಿ ಏನಿತ್ತು ಅಂತ ಅವನೇ ಹೇಳ್ಬೇಕಮ್ಮಾ.' ಅದಕ್ಕೇ ನಿಮ್ಮ ಕಾಲು ಹಿಡಿದು ಬೇಡುತ್ತೇನೆ. ಬೆದರಿಕೆಗೆ ಅಂದೆ ಅಂತ ಶೇಖ್‌ಗೆ ಒಂದು ಫೋನ್ ಮಾಡಿ. ಹತ್ತಲ್ಲ, ಇಪ್ಪತ್ತು ಜನಕ್ಕೆ ನಾನೇ ಬೇಯಿಸಿ ಹಾಕುತ್ತೇನೆ. ಗಾಡಿ ನನ್ನ ಹೆಸರಲ್ಲೇ ಇದೆ, ಸಹಿ ಹಾಕುವುದು ನಿಮಿಷದ ಕೆಲಸ. ನಿಮ್ಮ ಒಂದು ಮಾತಿಗೆ ಕಾದಿದ್ದೇನೆ. ನನಗೆ ಸಾಕಾಗಿದೆ, ನಿಜವಾಗಿಯೂ ಸಾಕಾಗಿದೆ.

ಅಮ್ಮ ನಿಮ್ಮ ಹಣೆಗೆ ಮುತ್ತಿಟ್ಟಿದ್ದಾರೆ. ಮಕ್ಕಳು ಕೈ ಮುಟ್ಟಿ ಸಲಾಮು ಹೇಳಿದ್ದಾರೆ. ದೇವರು ನಿಮ್ಮನ್ನು ಕಾಪಾಡಲಿ, ಬೇಗ ಮನೆ ಮುಟ್ಟಿಸಲಿ.

ನಿಮ್ಮ ಹೆಂಡತಿ
ಇಂತಿಸಾರ್

ತಾ.ಕ. — ಮಂಗಳವಾರ ಸಂಜೆ. ಅಬೂ ಮಶ್‌ಹೂರ್ ಪ್ರಯಾಣ ನಾಳೆಗೆ ಹೋಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಕಣಿವೆಯ ಏರಿನಲ್ಲಿ ಆ ಕೊಳವೆ ಒಡೆದೇ ಹೋಯಿತು. ಹಬೆ, ಹೊಗೆ, ಸುತ್ತ ಒಂದು ನರಪಿಳ್ಳೆ ಇಲ್ಲ. ಭಾನುವಾರವೂ ತಪ್ಪಿತ್ತಲ್ಲ, ಅಮ್ಮನ ತುಟಿ ನೀಲಿಯಾಯಿತು. ಮುಕ್ಕಾಲು ಗಂಟೆ ರಸ್ತೆಬದಿಯ ಕಲ್ಲಿನ ಮೇಲೆ ಅವರನ್ನು ತೊಡೆಗೆ ಆನಿಸಿಕೊಂಡು ಕೂತೆ. ಕೊನೆಗೆ ಬಂದವನು ದೈಫುಲ್ಲಾ, ಪಿಕಪ್‌ನಲ್ಲಿ. ನಗಲಿಲ್ಲ, ಅಮ್ಮನನ್ನು ಎತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ದೇವರ ದಯೆ, ಯಂತ್ರ ಸಿಕ್ಕಿತು. ಸೂಜಿ ಚುಚ್ಚಿಸಿಕೊಂಡು ಮಲಗಿದ್ದ ಅಮ್ಮ ನನ್ನ ಕೈ ಹಿಡಿದು, 'ಮಾರೇ ಅದನ್ನ. ಆಣೆ ಇಟ್ಟೋನು ಅವ್ನು, ಅವ್ನನ್ನ ಹೆತ್ತೋಳು ನಾನು' ಅಂದರು.

ಮಾರಿದೆ. ಬಿಡಿಭಾಗಕ್ಕೆ ಒಡೆಯುವವನು ಎಳೆದುಕೊಂಡು ಹೋದ. ಬಂದ ದುಡ್ಡಿಗೆ ಜಿರ್ಯೆಸ್ ಹತ್ತಿರವಿದ್ದ ಒಂದು ಚಿಕ್ಕ ಬಿಳಿ ಕಾರು ತಗೊಂಡೆ. ಬಾಗಿಲು ಎರಡು ಸಲ ಎಳೆದರೆ ಮುಚ್ಚುತ್ತದೆ, ಆದರೆ ಕಣಿವೆ ಹತ್ತಿತು. ಮೇಲೆ 'ನಿಮ್ಮ ಹೆಂಡತಿ' ಅಂತ ಹಾಕಿದ ಸಹಿ ನಿನ್ನೆಯದು, ಇವತ್ತು ಹಾಗೆ ಬರೆಯಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ನಿಮ್ಮ ಮನಸ್ಸಲ್ಲಿ ಏನಿತ್ತು ಅಂತ ಶೇಖ್‌ಗೆ ತಿಳಿಸಿ. ಅಲ್ಲಿಯವರೆಗೆ ನನ್ನ ಹಾಸಿಗೆ ಅಮ್ಮನ ಕೋಣೆಯಲ್ಲಿ. ನೀವು ಏನೇ ಹೇಳಿ, ಗುರುವಾರ ಏಳು ಗಂಟೆಗೆ ಅವರನ್ನು ಕರಕೊಂಡು ಹೋಗುವವಳು ನಾನೇ.