ನನ್ನ ಕಾಲುನೋವಿಗೆ ಮಂಜೂರಾದ ಜಾಗ

ನಗರದ ಪಾದಚಾರಿ ಮಾರ್ಗಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಎಡಗಾಲು ಎಲ್ಲಿ ನೋಯಬೇಕು ಎಂಬುದನ್ನು ತಮ್ಮ ಕಚೇರಿ ತೀರ್ಮಾನಿಸಿ ನನಗೊಂದು ನೋಟೀಸು ಕಳಿಸಿದೆ. ಡೊಂಬಿವಲಿಯ ನಮ್ಮ ರಸ್ತೆಯ ಹಿಟ್ಟಿನ ಗಿರಣಿ ಎದುರು ಶೇರ್ ರಿಕ್ಷಾಗಳಿಗೆ ಅಧಿಕೃತ ಸ್ಟ್ಯಾಂಡ್ ಇದೆಯೆಂದೂ, ನಾನು ಮಾತ್ರ ಮನಬಂದ ಕಡೆ ನಿಂತು ಪ್ರಯಾಣಿಕರ ಸಾಲನ್ನು ದಾರಿ ತಪ್ಪಿಸುತ್ತಿದ್ದೇನೆಂದೂ, ಇನ್ನು ಮುಂದೆ ನಿಲ್ಲುವುದಿದ್ದರೆ ನಿಗದಿತ ಸ್ಥಳದಲ್ಲೇ ನಿಲ್ಲತಕ್ಕದ್ದೆಂದೂ ಅದರಲ್ಲಿ ಬರೆದಿದೆ. ತಮ್ಮ ಆದೇಶವನ್ನು ನನ್ನ ಕಾಲಿಗೆ ಓದಿ ಹೇಳಿದೆ. ಅದು ಜಗ್ಗಲಿಲ್ಲ. ಕಾಲಿಗೆ ಮರಾಠಿ ಬರುವುದಿಲ್ಲವೇನೋ ಎಂದು ಕನ್ನಡದಲ್ಲೂ ಹೇಳಿದೆ. ಆಗಲೂ ತನಗೆ ತೋಚಿದ ಕಡೆಯೇ ನೋಯುತ್ತಿದೆ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದೇಕೆಂದು ತಾವು ಕೇಳಬಹುದು. ಮರಾಠಿಯಲ್ಲಿ ಬರೆದುಕೊಟ್ಟ ಅರ್ಜಿಗಳನ್ನು ತಾವು ಓದಲಿಲ್ಲ. ಹೇಗೂ ಓದುವುದಿಲ್ಲವೆಂದಾದರೆ ನನ್ನ ಭಾಷೆಯಲ್ಲೇ ಓದದಿರಿ, ನನಗಾದರೂ ಬರೆದ ಸಮಾಧಾನ ಇರಲಿ. ಮಾಜಿವಾಡಾದ ಹೋಟೆಲೊಂದರ ಗಲ್ಲಾದಲ್ಲಿ ಆಯುಷ್ಯ ಕಳೆದು ನಿವೃತ್ತನಾದವನು ನಾನು. ಊಟದ ಹೊತ್ತಿನಲ್ಲಿ ಹಸಿದು ನಿಂತ ಜನರನ್ನು ಸಂಭಾಳಿಸಿದ ಅನುಭವ ಇದೆ. ಆದರೆ ಅವರೆಲ್ಲ ಊಟಕ್ಕೆ ನಿಲ್ಲುತ್ತಿದ್ದರು, ನನ್ನ ಮೀನಖಂಡಕ್ಕಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಕಾಲಿನ ರಕ್ತನಾಳಗಳು ಒಳಗಿಂದ ಕಿರಿದಾಗಿವೆ. ಕೂತಿದ್ದರೆ ಏನೂ ಇಲ್ಲ. ಸ್ವಲ್ಪ ನಡೆದರೆ ಸಾಕು, ಮೀನಖಂಡಕ್ಕೆ ರಕ್ತ ಸಾಲದೆ ಯಾರೋ ಒಳಗೆ ಕೈಹಾಕಿ ಹಿಂಡಿದಂತಾಗುತ್ತದೆ. ನಿಂತರೆ ಬಿಡುತ್ತದೆ. ಕಾಲು ಹಿಡಿಯಿತು ಎನ್ನುತ್ತೇವಲ್ಲ, ಅದು. ಯಾರ ಕಾಲನ್ನೂ ಹಿಡಿಯದೆ ನಿವೃತ್ತನಾದೆನೆಂಬ ಜಂಬ ನನಗಿತ್ತು. ಈಗ ನನ್ನ ಕಾಲು ಹಿಡಿದದ್ದಕ್ಕೆ ತಮ್ಮ ಕಾಲು ಹಿಡಿಯುವಂತಾಗಿದೆ.

ಘೋಡಬಂದರ್ ರಸ್ತೆಯ ಆಸ್ಪತ್ರೆಯಲ್ಲಿ ನನ್ನನ್ನು ನೋಡುವ ಡಾಕ್ಟರ್ ಸೋನಾಲಿ ನಮ್ಮ ಕಾರ್ಕಳ ಕಡೆಯವರ ಮಗಳು. ನಾನು ಕನ್ನಡದಲ್ಲಿ ನರಳುತ್ತೇನೆ, ಆಕೆ ಅದನ್ನು ಅರ್ಥ ಮಾಡಿಕೊಂಡು ಹಿಂದಿಯಲ್ಲಿ ಉತ್ತರಿಸುತ್ತಾಳೆ. "ಅಂಕಲ್, ದರ್ದ್ ಆನೇ ತಕ್ ಚಲ್ನಾ. ಫಿರ್ ರುಕ್ನಾ. ದರ್ದ್ ಗಯಾ ತೋ ಫಿರ್ ಚಲ್ನಾ. ಯಹೀ ದವಾಯಿ ಹೈ" ಎಂದಳು. ನೋಯುವ ತನಕ ನಡೆ, ನೋವು ಹೋಗುವ ತನಕ ನಿಲ್ಲು, ಮತ್ತೆ ನಡೆ. ಮಾತ್ರೆಗಳ ಜೊತೆಗೆ ಇದೂ ಔಷಧಿ. ದಿನಾ ಹೀಗೆ ಮಾಡುತ್ತಾ ಹೋದರೆ ನೋವು ಬರುವ ಜಾಗ ದೂರ ದೂರ ಸರಿಯುತ್ತದಂತೆ. ದೊಡ್ಡ ನಾಳ ಕಟ್ಟಿಕೊಂಡರೂ ಸಣ್ಣಪುಟ್ಟ ನಾಳಗಳು ರಕ್ತಕ್ಕೆ ಬೇರೆ ದಾರಿ ಬಿಟ್ಟುಕೊಡುತ್ತವಂತೆ. ನನ್ನ ಕಾಲಿನೊಳಗಿನ ರಸ್ತೆ ಇಲಾಖೆ ತಮ್ಮ ಇಲಾಖೆಗಿಂತ ಎಷ್ಟೋ ಚುರುಕಾಗಿದೆ ಎಂದು ಅವತ್ತು ನನಗೆ ನಿಜವಾಗಿಯೂ ಖುಷಿಯಾಗಿತ್ತು.

ಅದರಂತೆ ಮರುದಿನ ಬೆಳಿಗ್ಗೆ ಹೊರಟೆ. ಹಿಟ್ಟಿನ ಗಿರಣಿಯ ಎದುರು ಕಾಲು ಹಿಡಿಯಿತು. ನಿಂತೆ. ಟಿಫಿನ್ ಚೀಲ ಹಿಡಿದ ಹೆಂಗಸೊಬ್ಬರು ಬಂದು ನನ್ನ ಹಿಂದೆ ನಿಂತರು. ಅವರ ಹಿಂದೆ ಬ್ಯಾಗನ್ನು ಎದೆಗೆ ಹಾಕಿಕೊಂಡ ಒಬ್ಬ ಹುಡುಗ, ಅವನ ಹಿಂದೆ ಮತ್ತಿಬ್ಬರು. ಮಾನ್ಯರೇ, ತಮ್ಮ ಕಾರಿನ ಕಿಟಕಿಯಿಂದ ಇದು ಕಾಣಿಸದಿರಬಹುದು, ಆದರೆ ನಮ್ಮ ಡೊಂಬಿವಲಿಯಲ್ಲಿ ಬೆಳಗಿನ ಹೊತ್ತು ಸುಮ್ಮನೆ ನಿಲ್ಲುವ ಮನುಷ್ಯನೇ ಇಲ್ಲ. ನಿಂತವನು ಯಾವುದೋ ಸಾಲಿನಲ್ಲಿ ಇರಲೇಬೇಕು. ಮುಂದೆ ಯಾರೂ ಇಲ್ಲದೆ ನಿಂತಿದ್ದಾನೆಂದರೆ ಅವನೇ ಸಾಲಿನ ಮೊದಲನೆಯವನು. "ಅಂಕಲ್, ಯೇ ಲೈನ್ ಸ್ಟೇಷನ್ ಕಾ ಹೈ ನಾ?" ಎಂದು ಆ ಹೆಂಗಸು ಕೇಳಿದರು. ನೋವಿನಲ್ಲಿ ಹಲ್ಲು ಕಚ್ಚಿಕೊಂಡು ನನಗೆ ಬರುವ ಹಿಂದಿಯಲ್ಲಿ ಇದ್ದ ವಿಷಯ ಹೇಳಿದೆ: "ನಸ್ ಬಂದ್ ಹೈ." ಅಂದರೆ ನಾಳ ಕಟ್ಟಿದೆ ಎಂದು. ಅವರು ಹಿಂದೆ ತಿರುಗಿ ಎಲ್ಲರಿಗೂ ಕೂಗಿ ಹೇಳಿದರು, "ಬಸ್ ಬಂದ್ ಹೈ!"

ಅಷ್ಟು ಸಾಕಾಯಿತು. ಬಸ್ಸು ಬಂದ್ ಎಂಬ ಸುದ್ದಿ ಕ್ಷಣದಲ್ಲಿ ಓಣಿಯ ತುದಿ ಮುಟ್ಟಿತು. ಬಸ್ ಸ್ಟಾಪಿನಲ್ಲಿದ್ದವರೆಲ್ಲ ಓಡಿಬಂದು ನನ್ನ ಹಿಂದೆ ಸೇರಿಕೊಂಡರು. ಬಸ್ಸು ಬಂದದ್ದನ್ನೂ ಅವರು ನಂಬಲಿಲ್ಲ, ಪಾಪ, ಅದು ಖಾಲಿಯಾಗಿ ಹೋಯಿತು. ಅಷ್ಟರಲ್ಲಿ ಒಂದು ರಿಕ್ಷಾ ನನ್ನ ಮುಂದೆ ನಿಂತಿತು. ನಾನು ಹತ್ತಲಿಲ್ಲ. "ಜಾನಾ ನಹೀ ತೋ ಲೈನ್ ಮೇ ಕಾಯ್ಕೋ ಖಡಾ ಹೈ?" ಹೋಗುವುದಿಲ್ಲವಾದರೆ ಸಾಲಿನಲ್ಲೇಕೆ ನಿಂತದ್ದು ಎಂದು ಹಿಂದಿನಿಂದ ಬೈಗುಳ ಶುರುವಾಯಿತು. ನನ್ನ ಸರದಿ ನನಗೆ ತಪ್ಪಬಾರದೆಂಬ ನ್ಯಾಯಬುದ್ಧಿಯಿಂದ ಇಬ್ಬರು ನನ್ನನ್ನು ಎತ್ತಿ ಒಳಗೆ ಕೂರಿಸಿದರು. ಹೀಗೆ ನಡಿಗೆಯ ಮೊದಲ ದಿನವೇ ನಾನು ರೈಲ್ವೆ ಸ್ಟೇಷನ್ ತಲುಪಿದೆ, ಮತ್ತೊಂದು ರಿಕ್ಷಾದಲ್ಲಿ ಮನೆಗೆ ಬಂದೆ. ನನ್ನ ಹೆಂಡತಿ ಜಯಲತಾ ಬಾಲ್ಕನಿಯಿಂದ ನೋಡುತ್ತಿದ್ದಳು. "ನಡೀಲಿಕ್ಕೆ ಹೋದವರು ರಿಕ್ಷಾದಲ್ಲಿ ಬಂದದ್ದಾ? ಇದೆಂತ ವ್ಯಾಯಾಮ ಮಾರಾಯ್ರೆ?" ಎಂದಳು.

ಮರುದಿನವೂ ಅದೇ, ಅದರ ಮರುದಿನವೂ ಅದೇ. ರಿಕ್ಷಾ ಹತ್ತದಿರುವ ಉಪಾಯವನ್ನು ಮಾತ್ರ ಕಲಿತೆ, ಮೊದಲು ನೀವು ಎಂದು ಹಿಂದಿನವರಿಗೆ ಸೌಜನ್ಯ ತೋರಿಸುವುದು. ಕಲಬುರಗಿ ಕಡೆಯ ಶಿವರಾಯ ಎಂಬ ರಿಕ್ಷಾದವನೊಬ್ಬ ನನ್ನ ಕನ್ನಡ ಕೇಳಿ ಹತ್ತಿರ ಬಂದ. "ಕಾಕಾ, ನಾವು ಹಾರ್ನ್ ಹೊಡದ್ರೂ ಮಂದಿ ಬರಂಗಿಲ್ಲ. ನೀವ್ ನಿಂತ್ರ ನಿಂದರ್ತಾರ್ರಿ. ನಾಳಿಗಿ ಜರಾ ಲಗೂ ಬರ್ರಿ" ಎಂದ. "ಕಾಲು ನೋಯುದು ನನ್ನ ಕೈಯಲ್ಲಿ ಉಂಟಾ ಮಾರಾಯಾ?" ಎಂದೆ. ಅವನಿಗೆ ಅದು ಅರ್ಥವಾಯಿತು. ತಮ್ಮ ಕಚೇರಿಗೆ ಇನ್ನೂ ಆಗಿಲ್ಲ.

ಏಕೆಂದರೆ ಅಷ್ಟರಲ್ಲಿ ತಮ್ಮವರು ಬಂದು ಸಮೀಕ್ಷೆ ಮಾಡಿದರು. ಹಿಟ್ಟಿನ ಗಿರಣಿಯ ಎದುರು ಪ್ರತಿದಿನ ಬೆಳಿಗ್ಗೆ ಜನದಟ್ಟಣೆ ಇರುವುದನ್ನು ಕಂಡುಹಿಡಿದರು. ದಟ್ಟಣೆ ಏಕಿದೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಅವರಿಗೂ ನನ್ನ ನಸ್ಸಿನ ವಿಷಯ ಹೇಳುತ್ತಿದ್ದೆ. ಶೇರ್ ರಿಕ್ಷಾ ಸ್ಟ್ಯಾಂಡ್ ಎಂಬ ಫಲಕ ಬಂತು. ಸಾಲು ಚದುರದಂತೆ ಫುಟ್‌ಪಾತಿಗೆ ಅಡ್ಡಲಾಗಿ ಕಬ್ಬಿಣದ ರೇಲಿಂಗ್ ಬಂತು. ಗಣ್ಯರೊಬ್ಬರು ಬಂದು ರಿಬ್ಬನ್ ಕತ್ತರಿಸಿದರು. ಗಿರಣಿಯ ಕಂಬ ಹಿಡಿದು ಮುಖ ಕಿವುಚಿಕೊಂಡು ನಿಂತಿದ್ದ ನನ್ನ ಕೊರಳಿಗೂ ಒಂದು ಹಾರ ಬಿತ್ತು. ಸ್ಟ್ಯಾಂಡಿನ ಮೊದಲ ಫಲಾನುಭವಿ ಆನಂದಬಾಷ್ಪ ಸುರಿಸುತ್ತಿದ್ದಾರೆಂದು ಮೈಕಿನಲ್ಲಿ ಹೇಳಿದರು.

ಇಷ್ಟಾದರೂ ನಾನು ಬಿಡಲಿಲ್ಲ. ರೇಲಿಂಗ್ ಬಂದಲ್ಲಿ ರಸ್ತೆಗಿಳಿದು, ಮತ್ತೆ ಫುಟ್‌ಪಾತ್ ಹತ್ತಿ ನಡೆದೆ. ಡಾಕ್ಟರ್ ಹೇಳಿದ್ದು ಸುಳ್ಳಾಗಲಿಲ್ಲ, ಮಾನ್ಯರೇ. ಒಂದು ದಿನ ಗಿರಣಿ ದಾಟಿದರೂ ಕಾಲು ಹಿಡಿಯಲಿಲ್ಲ. ಔಷಧಿ ಅಂಗಡಿಯ ತನಕ ಹೋದೆ! ಅಂಗಡಿಯವನ ಕೈಕುಲುಕಿದೆ, ಅವನಿಗೆ ಏಕೆಂದು ತಿಳಿಯಲಿಲ್ಲ. ಆದರೆ ನಾನು ಅಲ್ಲಿ ನಿಂತದ್ದೇ ತಡ, ಹಿಂದೆ ಸಾಲು ಶುರುವಾಯಿತು. "ಸ್ಟ್ಯಾಂಡ್ ಆಗೇ ಗಯಾ ಕ್ಯಾ?" ಸ್ಟ್ಯಾಂಡ್ ಮುಂದಕ್ಕೆ ಹೋಯಿತೇ ಎಂದು ಗಿರಣಿಯ ಬಳಿಯ ಸಾಲು ಕಿತ್ತುಕೊಂಡು ಇಲ್ಲಿಗೆ ಓಡಿಬಂತು. ನನ್ನ ಆರೋಗ್ಯ ಸುಧಾರಿಸಿದಂತೆಲ್ಲ ತಮ್ಮ ಅಧಿಕೃತ ಸ್ಟ್ಯಾಂಡ್ ಬಿಕೋ ಎನ್ನತೊಡಗಿತು. ಅದಕ್ಕೇ ಈ ನೋಟೀಸು.

ಅದನ್ನು ಹಿಡಿದು ತಮ್ಮ ಕಚೇರಿಗೂ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಮೇಜಿನ ಹಿಂದಿದ್ದ ಗುಮಾಸ್ತರು ತಾಳ್ಮೆಯಿಂದ ಕೇಳಿದರು, "ಕಾಕಾ, ತುಮ್ಹೀ ಪಾದಚಾರಿ ಕೀ ಪ್ರವಾಸಿ?" ನಡೆಯುವವನೋ, ಪ್ರಯಾಣಿಕನೋ? ನಡೆಯುತ್ತೇನೆ, ನಡುನಡುವೆ ನಿಲ್ಲುತ್ತೇನೆ ಎಂದೆ. ಹಾಗಾಗುವುದಿಲ್ಲವಂತೆ. ನಡೆಯುತ್ತಿರುವಷ್ಟು ಹೊತ್ತು ನಾನು ಪಾದಚಾರಿ, ತಮ್ಮ ವಿಭಾಗಕ್ಕೆ ಸೇರಿದವನು. ಸ್ಟ್ಯಾಂಡಿನಲ್ಲಿ ನಿಂತರೆ ಪ್ರಯಾಣಿಕ, ಸಾರಿಗೆಯವರಿಗೆ ಸೇರಿದವನು. ಬೇರೆಲ್ಲಿ ನಿಂತರೂ ನಾನು ಅತಿಕ್ರಮಣ, ಅದಕ್ಕೆ ಮೂರನೇ ಮಹಡಿ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತುತ್ತಾ ನಡುವೆ ಕಾಲು ಹಿಡಿದು ನಿಂತೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಹಿಂದೆ ಅರ್ಜಿ ಹಿಡಿದ ನಾಲ್ಕಾರು ಜನ ನಿಂತುಬಿಟ್ಟರು.

ತಮಾಷೆಯಾಗಿದೆ, ಅಲ್ಲವೇ? ನಾನೂ ನಗುತ್ತಿದ್ದೆ. ಆಮೇಲೊಂದು ಬೆಳಿಗ್ಗೆ ವಾಪಸು ಬರುವಾಗ ರೇಲಿಂಗ್ ಸುತ್ತಲು ರಸ್ತೆಗಿಳಿದಾಗ ಸರಿಯಾಗಿ ಅಲ್ಲೇ ಕಾಲು ಹಿಡಿಯಿತು. ಹಿಂದಿನಿಂದ ಕಾರ್ಖಾನೆಯ ಟ್ಯಾಂಕರ್ ಬಂತು. ಓಡಲು ಕಾಲಿಲ್ಲ, ಹತ್ತಲು ಫುಟ್‌ಪಾತಿಲ್ಲ. ಶಿವರಾಯ ರಿಕ್ಷಾದಿಂದ ಜಿಗಿದು ನನ್ನ ಅಂಗಿ ಹಿಡಿದೆಳೆದ. ಅಂದಿನಿಂದ ಜಯಲತಾ ಹೊರಗೆ ಬಿಡಲಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ಕಾರುಗಳ ನಡುವೆ ನುಸುಳಿ ನೋಡಿದೆ, ತಿರುಗಲು ಜಾಗವಿಲ್ಲ. ಮಾಲ್‌ಗೆ ಹೋಗಿ ನೋಡಿದೆ, ನಿಂತಲ್ಲೆಲ್ಲ ಸೇಲ್ಸ್‌ಮನ್ನುಗಳು ಮುತ್ತಿದರು. ಕೊನೆಗೆ ನಡೆಯುವುದೇ ನಿಂತಿತು. ಎಷ್ಟೋ ವಾರಗಳ ಮೇಲೆ ಹೋದ ಶನಿವಾರ ಹಟ ಹಿಡಿದು ಇಳಿದರೆ, ನಮ್ಮ ಕಟ್ಟಡದ ಗೇಟು ದಾಟುವ ಮೊದಲೇ ಕಾಲು ಹಿಡಿಯಿತು. ಔಷಧಿ ಅಂಗಡಿಯ ತನಕ ಹೋಗಿದ್ದ ಕಾಲು ಇದು. ಹೀಗೇ ಆದರೆ ಆಪರೇಷನ್ ಬೇಕಾದೀತೆಂದು ಡಾಕ್ಟರ್ ಹೇಳಿದ್ದಾಳೆ. ನನಗೆ ಹೆದರಿಕೆಯಾಗುತ್ತಿದೆ, ಮಾನ್ಯರೇ. ಇದನ್ನು ಮನೆಯಲ್ಲಿ ಹೇಳಿಲ್ಲ, ತಮಗೆ ಹೇಳುತ್ತಿದ್ದೇನೆ, ಹೇಗೂ ತಾವು ಓದುವುದಿಲ್ಲ.

ಗೇಟಿನ ಸರಳು ಹಿಡಿದು ನಿಂತಿದ್ದೆ. ಹಿಂದೆ ಯಾರೋ ಬಂದು ನಿಂತದ್ದು ತಿಳಿಯಿತು. ಲೈನ್ ಇಲ್ಲ ಎನ್ನಲು ತಿರುಗಿದರೆ ಜಯಲತಾ. ಮನೆಯ ಚಪ್ಪಲಿಯಲ್ಲೇ ಇಳಿದು ಬಂದಿದ್ದಳು. ನನ್ನ ಹೆಗಲ ಮೇಲೆ ಕೈಯಿಟ್ಟಳು. ಅಷ್ಟರಲ್ಲಿ ಅವಳ ಹಿಂದೆ ಒಬ್ಬ ಬಂದು ನಿಂತು, ಇದು ಎಲ್ಲಿಯ ಲೈನ್ ಎಂದು ಕೇಳಿದ. ಹೊರಗಿನವರ ಎದುರು ಎಂದೂ ದನಿ ಎತ್ತದ ನನ್ನ ಹೆಂಡತಿ ಇಡೀ ರಸ್ತೆಗೆ ಕೇಳುವಂತೆ ಹೇಳಿದಳು: "ಯೇ ಲೈನ್ ನಹೀ ಹೈ! ಮೇರಾ ಆದ್ಮೀ ಹೈ!"

ಆದ್ಮೀ ಎಂದರೆ ಅವಳ ಲೆಕ್ಕದಲ್ಲಿ ಗಂಡ. ಹಿಂದಿಯಲ್ಲಿ ಮನುಷ್ಯ ಎಂದೂ ಆಗುತ್ತದೆ. ಪಾದಚಾರಿ, ಪ್ರಯಾಣಿಕ, ಅತಿಕ್ರಮಣ ಎಂಬ ತಮ್ಮ ಮೂರು ಕಲಮುಗಳ ಪಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ. ರೇಲಿಂಗ್ ಕಿತ್ತು ಫುಟ್‌ಪಾತನ್ನು ಬಿಡಿಸಿಕೊಡಿ. ನಡೆಯಲು ಜಾಗ ಕೊಡಿ, ನಿಲ್ಲಲೂ ಬಿಡಿ. ನಾನು ಎಲ್ಲಿ ನಿಲ್ಲಬೇಕೆಂಬುದನ್ನು ನನ್ನ ಕಾಲು ಹೇಳಲಿ, ತಾವಲ್ಲ.

ಇಂತಿ,
ನಡೆಯಲೆಂದು ಇಳಿದು ಗೇಟಿನಲ್ಲೇ ನಿಂತಿರುವ, ಹಿಂದೆ ಹೆಂಡತಿಯನ್ನು ಬಿಟ್ಟರೆ ಯಾರೂ ನಿಲ್ಲಬೇಕಾಗಿಲ್ಲದ
ಮೋಹನದಾಸ
ಡೊಂಬಿವಲಿ