ಸೊಟ್ಟ ಕಾಲರ್

ಬೊಮ್ಮನಹಳ್ಳಿ, 1 ಜನವರಿ 2014

ಮಹಾದೇವಿ,

ನೀನು ಕೆಲಸ ಬಿಟ್ಟು ಊರಿಗೆ ಹೋಗಿ ಎರಡು ವರ್ಷವಾಯಿತು. ವಿಳಾಸ ಕೊಡಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ನಮ್ಮ ಗಾರ್ಮೆಂಟ್ಸ್‌ನಲ್ಲಿ ಆ ಪದ್ಧತಿ ಇನ್ನೂ ಇದೆ. ಹೊಲಿಗೆ ಕೆಟ್ಟರೆ ಶರ್ಟು ಎತ್ತಿ ಹಿಡಿದು ಇಡೀ ಲೈನಿನ ಮುಂದೆ ನಿಲ್ಲಬೇಕು. ಬೆಳಿಗ್ಗೆ ಒಂದು ಕಾಲರ್ ಸೊಟ್ಟಗೆ ಬಂದಿತ್ತು. ಸೂಪರ್‌ವೈಸರ್ ಹೊಸದಾಗಿ ಸೇರಿದ ಸಿದ್ದಕ್ಕನ ಕಡೆ ತಿರುಗಿ, "ನಿಂದೇ ತಾನೇ ಇದು? ಎದ್ದು ನಿಂತ್ಕೋ!" ಎಂದು ಕೂಗಿದ. ಅವಳು ಪಾಪ, ಆಗಲೇ ಎದ್ದಿದ್ದಳು.

ನಾನು ಮಷೀನ್ ಆಫ್ ಮಾಡಿ ಹೋಗಿ, ಅವನ ಕೈಯಿಂದ ಶರ್ಟು ತೆಗೆದುಕೊಂಡೆ.

"ನಂದು ಸಾರ್. ಬಿಚ್ಚಿ ಹೊಲಿದು ಕೊಡ್ತೀನಿ. ನಿಂತ್ಕೊಂಡ್ರೆ ಕಾಲರ್ ನೆಟ್ಟಗಾಗಲ್ಲ."

ದನಿ ಒಂದಿಷ್ಟೂ ನಡುಗಲಿಲ್ಲ ಕಣೇ! ಅವನು ಮುಂದಿನ ಲೈನಿಗೆ ಹೋದ. ಮಧ್ಯಾಹ್ನ ಊಟಕ್ಕೆ ಸಿದ್ದಕ್ಕ ನನ್ನ ಪಕ್ಕದಲ್ಲೇ ಬಂದು ಕೂತಳು.

"ಹೊಸಾ ವರ್ಷಕ್ಕ ಗಟ್ಟಿ ಆಗಬೇಕ ನೋಡ ವೇಣಿ" ಎಂದು ಪ್ರತಿ ಜನವರಿಯಲ್ಲೂ ಹೇಳುತ್ತಿದ್ದೆಯಲ್ಲ, ಆಗಿದ್ದೇನೆ. ಆದರೆ ನಿನ್ನಷ್ಟು ಅಲ್ಲ. ನೀನು ಕೆಲಸ ಬಿಡುವ ಮುಂಚೆ ಅವತ್ತು, ನಾನು ಹೊಲಿದು ಕೆಡಿಸಿದ ಶರ್ಟನ್ನು ನೀನು ಎತ್ತಿ ಹಿಡಿದು ಲೈನಿನ ಮುಂದೆ ನಿಂತಿದ್ದಾಗ, ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ವೇಣಿ