ಕೈ ಎತ್ತಿದವರೆಲ್ಲ ಒಪ್ಪಿದವರಲ್ಲ

ನೊನಾಟೊ,

ಈ ಕಾಗದ ಬರೆಯುತ್ತಿರುವವಳು ಪಾಸಿಂಗ್ ಗರಿಂಗಲಾವ್. ಜ್ಞಾನಸ್ನಾನದ ದಿನ ನಿನ್ನನ್ನು ಎತ್ತಿ ಹಿಡಿದ ಧರ್ಮತಾಯಿ, ನಿನ್ನ ಬಾಯಲ್ಲಿ ನಿನಾಂಗ್. ಗಂಡ ತೀರಿಕೊಂಡ ವರ್ಷದಿಂದ ಹೋದ ಈಸ್ಟರ್‌ವರೆಗೆ ಸಾನ್ ರೋಕೆಯ ಮೀನುಗಾರರ ಸಂಘ ನಡೆಸಿದವಳು. ಓದಿದ್ದು ಹೈಸ್ಕೂಲು. ಆದರೂ ಈ ದಡದಲ್ಲಿ ಬಲೆಗೆ ಬಲೆ ಸಿಕ್ಕಿಕೊಂಡರೂ, ಗಂಡ ಹೆಂಡತಿ ಮುನಿಸಿಕೊಂಡರೂ ಜನ ಮೊದಲು ಹತ್ತುತ್ತಿದ್ದದ್ದು ನನ್ನ ಮನೆಯ ಮೆಟ್ಟಿಲು. ಜಂಬಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರೂ ಸರಿ. ನೀನು ಕಳೆದದ್ದು ಏನು ಎಂದು ನಿನಗೆ ಗೊತ್ತಾಗಬೇಕು.

ಆ ನಂಬಿಕೆ ಮತ ಹಾಕಿಸಿಕೊಂಡು ಬಂದದ್ದಲ್ಲ. ಸತ್ತವರ ಮನೆಗೆ ಮೊದಲು ಹೋಗಿ ಕೊನೆಗೆ ಎದ್ದು ಬಂದೆ. ಮದುವೆ ಮನೆಯ ಹಿತ್ತಲಲ್ಲಿ ಹಂದಿ ಸುಡುವ ಹೊಗೆಯಲ್ಲಿ ಕೂತು ಈರುಳ್ಳಿ ಹೆಚ್ಚಿದೆ. ಹೊಟ್ಟೆ ತುಂಬಿದ್ದರೂ ಬಡವರ ಮನೆಯ ಅನ್ನ, ಒಣಮೀನು ಬೇಡ ಎನ್ನಲಿಲ್ಲ. ಊಟ ಬೇಡವೆಂದರೆ ಅವರನ್ನೇ ಬೇಡವೆಂದ ಹಾಗೆ. ಬೈಯುವುದಿದ್ದರೆ ಅಡುಗೆಮನೆಯಲ್ಲಿ ಬೈದೆ, ಹೊಗಳುವುದಿದ್ದರೆ ಚರ್ಚಿನ ಅಂಗಳದಲ್ಲಿ ಹೊಗಳಿದೆ.

ನೀನು ಇಲೊಇಲೊ ಪಟ್ಟಣದಲ್ಲಿ ಓದಿ ಬಂದಾಗ ನನ್ನ ಕುರ್ಚಿಯಲ್ಲಿ ನಿನ್ನನ್ನು ಕೂರಿಸಿದ್ದು ನಾನೇ. ಹುಡುಗ ತೀರಾ ಚಿಕ್ಕವನು ಎಂದವರಿಗೆ, ಅವನ ಜಾಮೀನು ನನ್ನದು ಎಂದೆ. ಮೀನು ಮೊಟ್ಟೆಯಿಡುವ ಕಾಲದಲ್ಲಿ ನಮ್ಮ ಕೊಲ್ಲಿಗೆ ಯಾರೂ ಬಲೆ ಬಿಡಬಾರದು ಎಂಬುದು ನಿನ್ನ ಯೋಜನೆ. ಅದು ಸರಿಯಾಗಿಯೇ ಇತ್ತು, ಈಗಲೂ ಸರಿ ಎನ್ನುತ್ತೇನೆ. ನೀನು ನೇರವಾಗಿ ಸಭೆ ಕರೆಯಲು ಹೊರಟಿದ್ದೆ. ನಾನು ತಡೆದೆ. "ಮದುವೆ ದಿನ ಚರ್ಚಿನಲ್ಲಿ ಪಾದ್ರಿ ಒಪ್ಪಿಗೆ ಕೇಳೋದು ಶಾಸ್ತ್ರಕ್ಕೆ ಕಣೋ. ಹುಡುಗಿ ಒಪ್ಪಿರ್ತಾಳಲ್ಲ, ಅದು ಯಾವತ್ತೋ ಅಡುಗೆಮನೇಲಿ ಆಗಿರತ್ತೆ. ಮೊದಲು ಮನೆಮನೆಗೆ ಹೋಗು" ಅಂದೆ. ನೀನು ನಕ್ಕೆ. "ನನ್ನ ಹತ್ರ ಯಾರು ಬಾಯಿ ಬಿಡ್ತಾರೆ ನಿನಾಂಗ್? ನೀವೇ ಹೋಗ್ಬನ್ನಿ. ನಿಮ್ಮ ಕಿವಿ ಬೇರೆ, ನನ್ನ ಕಿವಿ ಬೇರೆನಾ?" ಅಂದೆ.

ಆ ಮಾತು ನಂಬಿ ಹೋದೆ. ಎಲ್ಲರ ಮನೆಯಲ್ಲೂ ಕೂತೆ, ತಿಂದೆ, ಕೇಳಿಸಿಕೊಂಡೆ. ಇಸ್ಲಾವ್ ಮಾವನ ಮನೆಯಲ್ಲಿ ಅವರ ಹೆಂಡತಿ ಕೊಂಚಿಂಗ್ ಬಾಳೆ ಎಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬು ಕೊಟ್ಟಳು. ಅವಳು ನೀರಿಗೆ ಹೋದಾಗ ಇಸ್ಲಾವ್ ಮಾವ ದನಿ ತಗ್ಗಿಸಿ ಹೇಳಿದರು: ಕಣ್ಣು ಹೋಗಿದೆ, ದಡದ ತೆಂಗಿನಮರವೂ ಮಬ್ಬು ನೆರಳು. ಹೊರಗಡಲಿಗೆ ಹೋಗುವ ಹಾಗಿಲ್ಲ. ಕೊಲ್ಲಿಯಲ್ಲಾದರೆ ಹುಟ್ಟಿಗೆ ತಾಗುವ ಬಂಡೆಯ ಗುರುತಿನ ಮೇಲೆ ಬಲೆ ಬಿಡುತ್ತೇನೆ. ಕೊಲ್ಲಿ ಮುಚ್ಚಿದರೆ ಮನೆಯಲ್ಲಿ ಕೂರಬೇಕು. ಯಾಕೆ ಕೂತೆ ಎಂದು ಜನ ಕೇಳುತ್ತಾರೆ. ಒಂದು ಕಾಲಕ್ಕೆ ಈ ದಡದ ಎಲ್ಲ ಗಂಡಸರಿಗೂ ಕಡಲು ತೋರಿಸಿದ ಮನುಷ್ಯ ಅದು.

ನಾನು ಆ ಮಾತನ್ನು ನಿನ್ನೊಬ್ಬನ ಮುಂದೆ ಇಟ್ಟೆ. ಬಲೆ ಹೆಣೆಯುವುದನ್ನು ಹುಡುಗರಿಗೆ ಕಲಿಸಲು ಅವರನ್ನು ಕರೆ, ಕಾರಣ ಹೇಳಬೇಡ, ಗೌರವಕ್ಕೆ ಕರೆದ ಹಾಗಿರಲಿ ಎಂದೆ. ನೀನು ತಲೆಯಾಡಿಸಿದೆ.

ಸಭೆಯಲ್ಲಿ ಅವರು ಎದ್ದು ಕೇಳಿದ್ದು ಇಷ್ಟೇ, ಇನ್ನೊಂದು ಸಲ ಯೋಚನೆ ಮಾಡೋಣವಾ ಅಂತ. ನೀನು ಮೈಕು ಹಿಡಿದೆ. "ಇಸ್ಲಾವ್ ಮಾವ, ನಿಮಗೆ ಕಣ್ಣು ಕಾಣ್ಸಲ್ಲ ಅಂತ ನಿನಾಂಗ್ ನನಗೆಲ್ಲ ಹೇಳಿದಾರೆ. ನಿಮ್ಮೊಬ್ರಿಗೋಸ್ಕರ ಊರೆಲ್ಲ ಕಾಯ್ಬೇಕಾ?"

ಹಿಂದೆ ಕೂತವರು ಯಾರೋ ನಕ್ಕರು. ಇಸ್ಲಾವ್ ಮಾವನೂ ನಕ್ಕರು. ಮಾನ ಹೋದಾಗ ನಮ್ಮವರು ನಗುತ್ತಾರೆ ಎಂಬುದು ನಿನಗೆ ಗೊತ್ತಿರಬೇಕಿತ್ತು. ನೀನು ಈ ಮಣ್ಣಿನವನೇ. ಅವರು ಟೋಪಿ ಹುಡುಕಿ, ಬೆಂಚು ತಡವಿಕೊಂಡು ಹೊರಗೆ ಹೋದರು. ಹೋಗುವ ಮುಂಚೆ ಮುಖವನ್ನು ನಾನಿದ್ದ ಕಡೆಗೆ ತಿರುಗಿಸಿದರು. ನೀನು ಮತಕ್ಕೆ ಹಾಕಿದೆ, ಎಲ್ಲರೂ ಕೈ ಎತ್ತಿದರು. ಗೆದ್ದೆ ಎಂದು ನೀನು ನನ್ನ ಭುಜ ತಟ್ಟಿದೆ.

ಮರುದಿನ ಬೆಳಿಗ್ಗೆ ಕೊಲ್ಲಿಯ ತುಂಬ ಬಲೆ. "ಎಲ್ರೂ ಕೈ ಎತ್ತಿದ್ರಲ್ಲ ನಿನಾಂಗ್" ಎಂದು ನೀನು ಓಡಿ ಬಂದೆ. ಎತ್ತದೆ ಏನು ಮಾಡುತ್ತಾರೆ? ಎತ್ತದವರ ಮನೆಯ ಗುಟ್ಟನ್ನೂ ನೀನು ಮೈಕಿನಲ್ಲಿ ಹೇಳಿಬಿಟ್ಟರೆ?

ನಿನಗೆ ಹೋದದ್ದು ಒಂದು ಯೋಜನೆ. ನನಗೆ ಹೋದದ್ದನ್ನು ಕೇಳು. ಕ್ಷಮೆ ಕೇಳಲು ಹೋದರೆ ಕೊಂಚಿಂಗ್ ನನ್ನನ್ನು ಮುಂದಿನ ಕೋಣೆಯಲ್ಲಿ ಕೂರಿಸಿದಳು. ಹೂವಿನ ಕಪ್ಪಿನಲ್ಲಿ, ಸಾಸರ್ ಇಟ್ಟು ಕಾಫಿ ಕೊಟ್ಟಳು. ಆ ಕಪ್ಪು ಪಾದ್ರಿಗೆ, ಮೇಯರ್‌ಗೆ ತೆಗೆಯುವ ಕಪ್ಪು. ಇಷ್ಟು ವರ್ಷ ನಾನು ಅವಳ ಒಲೆಯ ಪಕ್ಕ ನೆಲದಲ್ಲಿ ಕೂತು ತಗಡಿನ ಲೋಟದಲ್ಲಿ ಕುಡಿದವಳು. "ತಾವು ಇನ್ನೂ ಸಕ್ಕರೆ ಹಾಕ್ಕೋತೀರಾ?" ಎಂದು ಕೇಳಿದಳು. ನನಗೆ, ತಾವು. ಇಸ್ಲಾವ್ ಮಾವ ಒಳಗೆ ಮಲಗಿದ್ದಾರೆ ಎಂದಳು. ಒಳಗಿನಿಂದ ಅವರ ಕೆಮ್ಮು ಕೇಳುತ್ತಿತ್ತು. ಯಾರಾದರೂ ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

ಮೊನ್ನೆ ನೀನು ಹೇಳಿ ಕಳಿಸಿದೆ: ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿನ್ನ ಪಕ್ಕ ನಿಂತು ನಾಲ್ಕು ಮಾತಾಡಬೇಕು, ನಾನು ಹೇಳಿದರೆ ಜನ ಬಲೆ ತೆಗೆಯುತ್ತಾರೆ ಎಂದು. ಅಂದರೆ ನನ್ನ ಬಾಯಿಯೂ ನಿನಗೆ ಮೈಕು.

ಇವತ್ತು ಭಾನುವಾರ. ಅಂಗಳದಲ್ಲಿ ನಿಂತೆ, ನೀನೂ ನೋಡಿದೆ. ಯಾಕೆ ಎಂದು ಅರ್ಥವಾಗಿರಲಿಕ್ಕಿಲ್ಲ, ಅದಕ್ಕೇ ಈ ಕಾಗದ. ನಿನ್ನ ಪಕ್ಕ ನಿಲ್ಲದೆ ನೇರವಾಗಿ ಇಸ್ಲಾವ್ ಮಾವನ ಮುಂದೆ ಹೋಗಿ, ಅವರ ಕೈ ಹಿಡಿದು, ಹಿರಿಯರಿಗೆ ನಮಸ್ಕರಿಸುವ ಹಾಗೆ ಬಗ್ಗಿ ನನ್ನ ಹಣೆಗೆ ಒತ್ತಿಕೊಂಡೆ. ನನ್ನ ಅಪ್ಪ ಅಮ್ಮನನ್ನು ಬಿಟ್ಟರೆ ನಾನು ಈ ಊರಲ್ಲಿ ಯಾರಿಗೂ ಹಾಗೆ ಬಗ್ಗಿದವಳಲ್ಲ. "ಕೈ ಬಿಡು ಪಾಸಿಂಗ್, ಜನ ನೋಡ್ತಾರೆ" ಅಂದರು. "ನೋಡ್ಲಿ ಅಂತಾನೇ ಹಿಡಿದಿರೋದು" ಅಂದೆ. ಜನರ ಮುಂದೆ ತೆಗೆದ ಮಾನವನ್ನು ಅಡುಗೆಮನೆಯಲ್ಲಿ ಹಿಂದಿರುಗಿಸಲು ಬರುವುದಿಲ್ಲ. ಅವರು ಕ್ಷಮಿಸಿದರೋ ಇಲ್ಲವೋ, ನಾನು ಕೇಳಲಿಲ್ಲ.

ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ನೊನಾಟೊಗೆ ನಾನು ಕೊಟ್ಟ ಜಾಮೀನು ಇವತ್ತಿಗೆ ಮುಗಿಯಿತು. ಅವನ ಮಾತಿಗೆ ಅವನೇ ಹೊಣೆ.

ಧರ್ಮತಾಯಿ ಎಂಬ ಗಂಟು ದೇವರ ಮುಂದೆ ಹಾಕಿದ್ದು, ಅದನ್ನು ಬಿಚ್ಚುವ ಅಧಿಕಾರ ನನಗಿಲ್ಲ. ನಿನ್ನ ಮೈಗೆ ಆರೋಗ್ಯವಿರಲಿ, ನಿನ್ನ ಮಕ್ಕಳು ಹಸಿಯದಿರಲಿ. ಹಬ್ಬಕ್ಕೆ ಬಾ, ಊಟ ಹಾಕುತ್ತೇನೆ. ಊರಿನ ವಿಷಯ ಮಾತ್ರ ನನ್ನ ಹತ್ತಿರ ಎತ್ತಬೇಡ.

ನಿನ್ನ ಧರ್ಮತಾಯಿ, ಅಷ್ಟು ಮಾತ್ರ,
ಪಾಸಿಂಗ್